ಕಸುವಿನ ನೀರು

ಅತ್ತೆಯವರಾದ ತಾರಾಬಾಯಿಯವರಿಗೆ ನಿಮ್ಮ ಸೊಸೆ ಮಹಾನಂದಾ ಮಾಡುವ ಶರಣು ಶರಣಾರ್ಥಿಗಳು.

ಅತ್ತೆ, ಇದು ನಾವಿಲ್ಲಿ ಕ್ಷೇಮ, ನೀವಲ್ಲಿ ಕ್ಷೇಮ ಎಂದು ಎರಡು ಸಾಲಿನಲ್ಲಿ ಮುಗಿಯುವ ಪತ್ರವಲ್ಲ. ಉದ್ದವಿದೆ. ಕನ್ನಡಕ ಹಾಕಿಕೊಂಡು, ಗೋಡೆಗೆ ಒರಗಿ ಕುಳಿತು ಓದಿ. ಒಲೆಯ ಮೇಲೆ ಹಾಲಿಟ್ಟು ಓದಲು ತೆಗೆಯಬೇಡಿ, ಹಾಲು ಉಕ್ಕಿದರೆ ಆ ತಪ್ಪೂ ನನ್ನ ತಲೆಗೇ ಬರುತ್ತದೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಗೆ ಹೇಳಲಿ? ನೀವು ಫೋನನ್ನು ಕಿವಿಗೆ ಹಿಡಿಯುವವರಲ್ಲ. ಅಂಗೈ ಮೇಲಿಟ್ಟುಕೊಂಡು, ರೊಟ್ಟಿ ಬೆಂದಿದೆಯೋ ಇಲ್ಲವೋ ಎಂದು ನೋಡುವ ಹಾಗೆ ಅದನ್ನೇ ನೋಡುತ್ತ ಮಾತಾಡುತ್ತೀರಿ. ನಾನು ಇಲ್ಲಿ ಸೀನಿದರೆ ನಾರಾಯಣಖೇಡದ ಆ ಓಣಿಯಲ್ಲಿ ಯಾರೋ ಚಿರಂಜೀವಿ ಅನ್ನುತ್ತಾರೆ. ಈ ಮಾತು ಓಣಿಗೆ ಬೇಡ. ಇದು ನಿಮಗೆ ಮತ್ತು ನನಗೆ ಮಾತ್ರ.

ಕನ್ನಡದಲ್ಲಿ ಬರೆಯುತ್ತಿರುವುದೂ ಅದಕ್ಕೇ. ತೆಲುಗು ಸೀಮೆಯ ಗಡಿಯೂರಿನ ನಮ್ಮ ಮನೆಯಲ್ಲಿ ಬೆಳಗಿನಿಂದ ರಾತ್ರಿಯ ತನಕ ಎಲ್ಲರೂ ಕನ್ನಡದಲ್ಲೇ ಜಗಳಾಡುತ್ತಾರೆ, ಓದಲು ಮಾತ್ರ ಯಾರಿಗೂ ಬರುವುದಿಲ್ಲ. ಮಾವನವರದು ಉರ್ದು, ನಿಮ್ಮ ಮಗನದು ತೆಲುಗು ಶಾಲೆ. ಬೀದರ ಕಡೆಯಿಂದ ಬಂದ ನೀವು, ಸೇಡಂ ಕಡೆಯಿಂದ ಬಂದ ನಾನು, ನಾವಿಬ್ಬರೇ ಈ ಅಕ್ಷರದವರು. ನಾನು ಮದುವೆಯಾಗಿ ಬಂದ ವಾರ ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿಯ ಮೇಲೆ ‘ಮುಟ್ಟಬೇಡಿ’ ಎಂದು ನೀವು ಬರೆದು ಅಂಟಿಸಿದ್ದನ್ನು ಗಟ್ಟಿಯಾಗಿ ಓದಿದ್ದೆ. ನೀವು ಹಿಟ್ಟಿನ ಕೈಯಲ್ಲೇ ಓಡಿ ಬಂದಿರಿ. “ನಿನಗ ಓದಾಕ ಬರ್ತದೇನವ್ವ? ಇಷ್ಟ್ ವರ್ಷ ಈ ಮನ್ಯಾಗ ನಾ ಒಬ್ಬಾಕಿನೇ ಇದ್ದೆ” ಎಂದಿರಿ. ಆ ಡಬ್ಬಿಯನ್ನು ಓದಲು ಬಾರದವರೆಲ್ಲ ದಿನವೂ ಮುಟ್ಟುತ್ತಿದ್ದರು, ಓದಲು ಬಂದ ನಾನೊಬ್ಬಳೇ ಮುಟ್ಟಲಿಲ್ಲ. ಈಗ ನೀವಿರುವ ಮನೆಯಲ್ಲೂ ನಿಮ್ಮ ತಂಗಿ ಕಾಂತಾಬಾಯಿ ಚಿಕ್ಕತ್ತೆ ಶಾಲೆಯ ಕಟ್ಟೆ ಹತ್ತಿದವರಲ್ಲ, ಅವರ ಮಕ್ಕಳಿಗೆ ತೆಲುಗು ಬಿಟ್ಟರೆ ಬೇರೆ ಬಾರದು. ಆದ್ದರಿಂದ ಧೈರ್ಯವಾಗಿ ಬರೆಯುತ್ತೇನೆ. ಮಾವನವರು ಬರೆದಷ್ಟು ಹಾಳೆ ಕೈಗೆ ತೆಗೆದುಕೊಂಡು “ಏನ್ ಬರ್ದಿವ್ವ ಅಕಿಗಿ, ಇಷ್ಟ್ ದಪ್ಪ?” ಎಂದರು. ವಚನ ಎಂದೆ. ಕಣ್ಣಿಗೊತ್ತಿಕೊಂಡು ತಿರುಗಿ ಕೊಟ್ಟರು.

ಮೊದಲು ಕೂಸಿನ ಸುದ್ದಿ. ಹೆಣ್ಣು ಎಂದು ನಿಮಗೆ ಫೋನಿನಲ್ಲೇ ಗೊತ್ತಾಗಿದೆ. ಗೊತ್ತಿಲ್ಲದ್ದು ಹೇಳುತ್ತೇನೆ. ಹಣೆ ನಿಮ್ಮದೇ, ಅಗಲ. ಸಿಟ್ಟೂ ನಿಮ್ಮದೇ, ಹಾಲು ಒಂದು ಗಳಿಗೆ ತಡವಾದರೆ ಕಾಲು ಝಾಡಿಸಿ ಮನೆಯನ್ನೆಲ್ಲ ಎಬ್ಬಿಸುತ್ತಾಳೆ. ದೊಡ್ಡವಳು ರಾಜೇಶ್ವರಿ ತಂಗಿಯ ಹತ್ತಿರ ಯಾರನ್ನೂ ಬಿಡುವುದಿಲ್ಲ, “ನಂದು ಇದು” ಅನ್ನುತ್ತಾಳೆ. ಕೂಸಿಗೆ ನೀರು ಎರೆಯಲು ಮಗ್ಗುಲ ಮನೆಯ ಸಕ್ಕುಬಾಯಿ ಬರುತ್ತಾಳೆ. ಪಾಪ, ಬರುವುದೇ ಉಪಕಾರ. ಆದರೆ ಅವಳು ಎರೆಯುವುದು ಅಕ್ಕಿ ತೊಳೆದ ಹಾಗೆ. ಅವಳ ಧಾರಾವಾಹಿ ಶುರುವಾಗುವ ಹೊತ್ತಿಗೆ ಮುಗಿಯಬೇಕು. ಬೆನ್ನಿನ ಎಣ್ಣೆ ಬೆನ್ನಿನಲ್ಲೇ ಉಳಿದಿರುತ್ತದೆ. ಕೂಸು ಅಳುತ್ತದೆ, ಒಳಗೆ ಮಂಚದ ಮೇಲೆ ನಾನೂ ಅಳುತ್ತೇನೆ. ಬಾಣಂತಿ ಅಳಬಾರದು ಎಂದು ಬಯ್ಯಲು ಕೂಡ ಮನೆಯಲ್ಲಿ ನೀವಿಲ್ಲ.

ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳಲು ನಾರಾಯಣಖೇಡಕ್ಕೆ ಹೋಗಿದ್ದೀರಿ ಎಂದು ಊರಿಗೆಲ್ಲ ಹೇಳಿದ್ದೀರಿ. ಊರು ನಂಬಿದೆ. ನಾನು ನಂಬಿಲ್ಲ. ನನ್ನ ಕುಬಸ ಮಾಡಿ, ಉಡಿ ತುಂಬಿ, ಐದು ಥರದ ಅನ್ನ ಉಣಿಸಿ, ಮರುದಿನ ಬೆಳಿಗ್ಗೆ ಚೀಲ ಕಟ್ಟಿದಿರಿ. ನಾನು ಬಾಗಿಲಿಗೆ ಅಡ್ಡ ನಿಂತಾಗ ನನ್ನ ಹೊಟ್ಟೆಯ ಕಡೆ ನೋಡದೆ ಹೇಳಿದಿರಿ. “ನನ್ನ ಕೈಗುಣ ಚಲೋ ಇಲ್ಲವ್ವ ನಂದಾ. ಕೂಸು ಹುಟ್ಟಿ ಒಂದೀಟ್ ಗಟ್ಟಿ ಆಗ್ಲಿ. ಆಮ್ಯಾಲ ಬರ್ತೀನಿ.” ನಾನು ದಾರಿ ಬಿಟ್ಟೆ. ಆಗ ನನಗೂ ಏನೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ನಿಮ್ಮ ಆ ಮಾತಿಗೆ ಉತ್ತರವೇ ಈ ಪತ್ರ.

ನಿಮ್ಮ ಕೈ ಎಂಥದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನ ಅವ್ವ ನಾನು ಕಾಲೇಜಿನಲ್ಲಿದ್ದಾಗಲೇ ಹೋದಳು. ಚೊಚ್ಚಲ ಬಾಣಂತನಕ್ಕೆ ತವರಿಲ್ಲದ ಹುಡುಗಿ ಎಂದು ನನಗೆ ಒಳಗೊಳಗೇ ಅಂಜಿಕೆ. ನೀವು ನನ್ನ ತಲೆ ಬಾಚುತ್ತ “ತವರು ಇಲ್ಲೇ ಅದ ತಿಳಿ. ಎರಡ್ ಬಸ್ಸಿನ ರೊಕ್ಕ ಉಳೀತು” ಎಂದು ನಗಿಸಿದಿರಿ. ರಾಜಿ ಹುಟ್ಟಿದ ಮೇಲೆ ಬಚ್ಚಲಿನಲ್ಲಿ ಮಣೆ ಹಾಕಿ, ಸೀರೆ ಮೇಲೆತ್ತಿ ಕಟ್ಟಿ, ಕಾಲು ಚಾಚಿ ಕುಳಿತು ಕೂಸನ್ನು ಬೋರಲು ಮಲಗಿಸಿಕೊಳ್ಳುತ್ತಿದ್ದಿರಿ. ನೀವು ಎರೆಯುವಾಗ ಅವಳು ಅಳುತ್ತಿರಲಿಲ್ಲ, ಆಕಳಿಸುತ್ತಿದ್ದಳು. ಒಳಗೆ ನನಗೆ ನಿಮ್ಮ ಮಾತು ಕೇಳಿಸುತ್ತಿತ್ತು. “ಏ ಬಂಗಾರದಂಥಾಕಿ, ಇದು ಊರ್ ಮ್ಯಾಲಿನ ನೀರಲ್ಲ. ನಿಮ್ ಮುತ್ಯಾನ ಅಪ್ಪ ತೋಡ್ಸಿದ ಬಾವಿದು. ಸುಮ್ ಎರ್ಕೋ.” ನಮ್ಮ ಓಣಿಯಲ್ಲಿ ಆ ಕೈಯಲ್ಲಿ ನೀರು ಎರೆಸಿಕೊಳ್ಳದೆ ಬೆಳೆದ ಮಕ್ಕಳೇ ಇಲ್ಲ.

ನೀರಿನ ವಿಷಯಕ್ಕೇ ಬರಬೇಕು. ಬರಲು ಭಯವಾಗುತ್ತಿದೆ, ಆದರೂ ಬರುತ್ತೇನೆ.

ರಾಜಿಗೆ ಎರಡನೆಯ ತಿಂಗಳು ನಡೆಯುವಾಗ ನನಗೆ ಜ್ವರ ಬಂತು. ಹಾಲು ಬತ್ತಿತು. ತಾಂಡೂರಿನ ಡಾಕ್ಟರು ಹಾಲಿನ ಪುಡಿ ಬರೆದುಕೊಟ್ಟರು, ಕಾಯಿಸಿದ ನೀರಿನಲ್ಲಿ ಕಲಸಿ ಎಂದರು. ಮನೆಗೆ ನಳ ಬಂದು ಆಗಲೇ ವರ್ಷವಾಗಿತ್ತು. ಆದರೆ ನಿಮಗೆ ನಳದ ನೀರು ಕಂಡರೆ ಆಗದು. “ಅದ್ರಾಗ ಏನ್ ಕಸುವು ಅದ? ಪೌಡರ್ ವಾಸ್ನಿ ಹೊಡೀತದ. ನಮ್ ಬಾವಿ ನೀರ್ ನೋಡು, ಕೊತ್ತಂಬ್ರಿ ಹ್ಯಾಂಗ್ ಕರ್ರಗ ಬಂದದ. ಗಿಡಕ್ಕ ಇಷ್ಟ್ ಹತ್ತತದ ಅಂದ್ರ ಕೂಸಿಗಿ ಎಷ್ಟ್ ಹತ್ತಬಾರ್ದು!” ನಿಜವೇ ಆಗಿತ್ತು. ಬಾವಿಯ ಸುತ್ತ ನೀವು ಹಾಕಿದ ಕೊತ್ತಂಬರಿ, ಮೆಂತ್ಯ, ಪುಂಡಿ ಪಲ್ಯ ಊರಿನಲ್ಲೇ ಯಾರದೂ ಹಾಗೆ ಬರುತ್ತಿರಲಿಲ್ಲ. ಗೊಬ್ಬರದ ಒಂದು ಹಿಡಿಯೂ ಹಾಕದೆ ಎಲೆ ಕಪ್ಪು ಹಸಿರು. ಮಾವನವರ ಅಕ್ಕ ಅಮೃತಬಾಯಿ ಅತ್ತೆಯವರೂ ತಮ್ಮ ಮನೆಯಿಂದ ಕೊಡ ಕಳಿಸಿ ಆ ನೀರು ತರಿಸುತ್ತಿದ್ದರು. ಎಲ್ಲರೂ ಅದನ್ನು ಕಸುವಿನ ನೀರು ಎನ್ನುತ್ತಿದ್ದೆವು. ನಾನೂ ಅಂದಿದ್ದೇನೆ.

ಆ ನೀರನ್ನು ನೀವು ಸುಮ್ಮನೆ ಕಾಯಿಸಲಿಲ್ಲ. ತಾಮ್ರದ ತಪ್ಪಲೆಯಲ್ಲಿ ಓಂಕಾಳು ಹಾಕಿ, ಕಟ್ಟಿಗೆಯ ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಯುವ ತನಕ ಕುದಿಸಿ, ಆರಿಸಿ, ಸೋಸಿ, ಪುಡಿ ಕಲಸಿ ಕುಡಿಸಿದಿರಿ. ಅರ್ಧಕ್ಕೆ ಇಳಿಸಿದ ನೀರೆಂದರೆ ನಿಮ್ಮ ಕಡೆ ಔಷಧಿ. ನಾನು ಜ್ವರ ಬಂದು ಮಲಗಿದ್ದಾಗ ನಿಮ್ಮ ಒಲೆಯ ಹೊಗೆ ನೋಡಿ ನನ್ನ ಮಗಳಿಗೆ ಏನೂ ಆಗುವುದಿಲ್ಲ ಎಂದು ನಿದ್ದೆ ಹೋಗುತ್ತಿದ್ದೆ.

ಆ ಸಂಜೆ ನೀವು ಮರೆತಿಲ್ಲ, ನಾನೂ ಮರೆತಿಲ್ಲ. ಅವತ್ತೇ ನೀವು ರಾಜಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೊದಲ ಸಲ ಹೊಳೆಯ ದಂಡೆಗೆ ಕರೆದುಕೊಂಡು ಹೋಗಿ, ಗಂಗೆಗೆ ಅರಿಷಿಣ ಕುಂಕುಮ ಏರಿಸಿ ಬಂದಿದ್ದಿರಿ. ದೀಪ ಹಚ್ಚುವ ಹೊತ್ತಿಗೆ ಕೂಸಿನ ತುಟಿ ನೇರಳೆ ಹಣ್ಣು ತಿಂದ ಹಾಗೆ ಕಂಡಿತು. ಆಮೇಲೆ ಉಗುರು. ಆಮೇಲೆ ಮೂಗಿನ ತುದಿ. ಕೂಸು ಅಳಲೂ ಇಲ್ಲ, ಅದೇ ಹೆಚ್ಚು ಭಯ. ನಿಮ್ಮ ಮಗ ಗಾಡಿ ತೆಗೆದರು, ನೀವು ಹಿಂದೆ ಕುಳಿತು ಅವಳನ್ನು ಎದೆಗೆ ಒತ್ತಿಕೊಂಡು ತಾಂಡೂರಿಗೆ ಹೋದಿರಿ. ಆಕ್ಸಿಜನ್ ಹಚ್ಚಿದರು, ಹೃದಯ ನೋಡಿದರು, ಪುಪ್ಪಸ ನೋಡಿದರು, ಏನೂ ಸಿಗಲಿಲ್ಲ. ಒಂದೆರಡು ದಿನ ಅಲ್ಲಿಯ ಹಾಲು, ಅಲ್ಲಿಯ ನೀರು ಕುಡಿದಳು, ಕೆಂಪಗಾದಳು. ಮನೆಗೆ ಬರುವಷ್ಟರಲ್ಲಿ ನನಗೆ ಹಾಲು ತಿರುಗಿ ಬಂದಿತ್ತು. ಪುಡಿಯ ಡಬ್ಬಿ ಅಟ್ಟ ಸೇರಿತು.

ಏನಾಯಿತೆಂದು ಡಾಕ್ಟರಿಗೆ ತಿಳಿಯಲಿಲ್ಲ. ಆದರೆ ಅಮೃತಬಾಯಿ ಅತ್ತೆಯವರಿಗೆ ತಿಳಿಯದ್ದು ಯಾವುದಿದೆ! ಪಡಸಾಲೆಯಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತ “ಹೊಳಿ ಗಾಳಿ ಬಡದದ. ತಾರಾಬಾಯಿ ಕೈ ಭಾರ ಅದ, ಎಳಿ ಕೂಸು ತಡ್ಯಂಗಿಲ್ಲ” ಎಂದರು. ಎಲ್ಲರೂ ಕೇಳಿಸಿಕೊಂಡರು. ನೀವು ಒಳಗೆ ರೊಟ್ಟಿ ಬಡಿಯುತ್ತಿದ್ದಿರಿ. ಬಡಿಯುವ ಸಪ್ಪಳ ನಿಂತಿತು, ಮತ್ತೆ ಶುರುವಾಯಿತು. ಅಷ್ಟೇ. ಮರುದಿನದಿಂದ ನೀವು ರಾಜಿಗೆ ನೀರು ಎರೆಯಲಿಲ್ಲ. ಓಣಿಯಲ್ಲಿ ಯಾರು ಕರೆದರೂ ಹೋಗಲಿಲ್ಲ. ನಿಮ್ಮ ಮಗಳು ದೇವಿಕಾ ಹೆತ್ತು ಮಲಗಿದಾಗ, ನಿಮ್ಮ ಹೊಟ್ಟೆಯ ಮಗಳ ಕೂಸನ್ನು ಬಾಗಿಲಲ್ಲಿ ನಿಂತು ನೋಡಿ, ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ತಿರುಗಿ ಬಂದಿರಿ. ದೇವಿಕಾ ಅದಕ್ಕೆ ಇನ್ನೂ ಮುನಿಸಿಕೊಂಡಿದ್ದಾಳೆ. ಅವ್ವನಿಗೆ ನನ್ನ ಕೂಸು ಬೇಡವಾಯಿತು ಎಂದುಕೊಂಡಿದ್ದಾಳೆ, ಹುಚ್ಚಿ.

ಇನ್ನು ನನ್ನ ನೌಕರಿಯ ಮಾತು. ನಿಮ್ಮ ಬಾಯಲ್ಲಿ ಅದು ನೀರು ತುಂಬುವ ನೌಕರಿ. “ನಮ್ ಸೊಸಿ ಎಮ್ಮೆಸ್ಸಿ ಓದ್ಯಾಳ, ಹೊಳಿ ನೀರ್ ಬಾಟ್ಲಿಗಿ ತುಂಬ್ತಾಳ” ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತೀರಿ. ತಪ್ಪೇನಲ್ಲ. ಪೆದ್ದೆಮುಲ್ ಕಡೆಯ ಹೊಲಗಳಿಂದ ಹಿಡಿದು ಕಾಗ್ನಾ ಹೊಳೆ ಗಡಿ ದಾಟುವ ತನಕ ಮಣ್ಣು ತರುತ್ತೇನೆ, ನೀರು ತರುತ್ತೇನೆ, ತಾಂಡೂರಿನ ಕೋಣೆಯಲ್ಲಿ ಔಷಧಿ ಹಾಕಿ ಬಣ್ಣ ನೋಡುತ್ತೇನೆ. ಸಾರಜನಕವಿದ್ದರೆ ನೀರು ಗುಲಾಬಿಯಾಗುತ್ತದೆ, ಹೆಚ್ಚಿದ್ದಷ್ಟೂ ಕೆಂಪು. ರಂಜಕವಿದ್ದರೆ ನೀಲಿ. ಯೂರಿಯಾದಲ್ಲಿರುವುದು ಸಾರಜನಕ. ಡಿಎಪಿಯಲ್ಲಿ ಹೆಚ್ಚಾಗಿ ಇರುವುದು ರಂಜಕ. ಬೆಳೆಗೆ ಎರಡೂ ಬೇಕು, ಅಳತೆಯಲ್ಲಿ ಬೇಕು.

ನಮ್ಮ ಕಡೆ ಆ ಅಳತೆ ತಪ್ಪಿದೆ. ನಿಮಗೆ ತಿಳಿಯುವ ಹಾಗೆ ಹೇಳಬೇಕೆಂದರೆ, ಯೂರಿಯಾ ಮಾವನವರಿದ್ದ ಹಾಗೆ. ಉಂಡ ಕೈ ಒಣಗುವ ಮೊದಲೇ ಚಪ್ಪಲಿ ಮೆಟ್ಟಿ ಜಹೀರಾಬಾದಿನ ಶುಂಠಿ ಬಜಾರಿಗೆ ಹೊರಡುತ್ತಾರಲ್ಲ, ಹಾಗೆ ಅದು ಒಂದು ಮಳೆ ಬಂದರೆ ಸಾಕು, ಹೊಲ ಬಿಟ್ಟು ನೀರಿನ ಜೊತೆ ಹೊರಟುಬಿಡುತ್ತದೆ. ಡಿಎಪಿ ನಿಮ್ಮ ಮಗನಿದ್ದ ಹಾಗೆ. ಕುಳಿತಲ್ಲಿಂದ ಏಳುವುದಿಲ್ಲ. ನಮ್ಮ ನೆಲದ ಕೆಳಗೆಲ್ಲ ಸುಣ್ಣದ ಹಾಸುಗಲ್ಲು, ಕರಣಕೋಟದಲ್ಲಿ ಅದನ್ನೇ ಅರೆದು ಸಿಮೆಂಟು ಮಾಡುತ್ತಾರೆ. ಆ ಸುಣ್ಣ ರಂಜಕವನ್ನು ಹಿಡಿದು ಕೂರಿಸಿಕೊಳ್ಳುತ್ತದೆ, ಬೇರಿಗೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಎಲೆ ಸೊರಗಿತೆಂದು ರೈತರು ಎರಡನ್ನೂ ಮತ್ತೆ ಚೆಲ್ಲುತ್ತಾರೆ. ಒಂದು ಹೋಗುತ್ತದೆ, ಒಂದು ಕೂಡುತ್ತದೆ. ನನ್ನ ಮೇಜಿನ ಮೇಲೆ ಹೊಲದ ಮಣ್ಣೆಲ್ಲ ನೀಲಿ, ಹೊಳೆಯ ನೀರೆಲ್ಲ ಗುಲಾಬಿ. ಹೊಳೆಯೊಳಗಿನ ಸಣ್ಣ ಸಣ್ಣ ಜೀವಗಳಿಗೂ ಎರಡೂ ಜೊತೆಯಲ್ಲೇ ಬೇಕು, ಸಿಗುವುದು ಒಂದೇ. ಊರ ಮೋರಿಯ ಸಾಬೂನು ನೀರು ಸೇರುವ ಕಡೆ ಮಾತ್ರ ಎರಡೂ ಕೂಡಿ ಹಸಿರು ಪಾಚಿ ಕಂಬಳಿಯಷ್ಟು ದಪ್ಪ ಕಟ್ಟುತ್ತದೆ, ಮೀನು ಸಾಯುತ್ತವೆ. ಅದೇ ಹೊಳೆ ಮುಂದೆ ಹರಿದು ನನ್ನ ತವರಿನ ಊರ ಮುಂದೆ ಕಾಗಿಣಾ ಎನ್ನಿಸಿಕೊಳ್ಳುತ್ತದೆ. “ನಿನ್ ತವರ್ನೋರಿಗಿ ನಮ್ ನೀರೇ ಕುಡ್ಸಿ ಬೆಳ್ಸೀವಿ” ಎಂದು ನೀವು ಚೇಷ್ಟೆ ಮಾಡುತ್ತಿದ್ದಿರಿ. ಈಗ ಆ ಮಾತು ನೆನೆದರೆ ಮೊದಲಿನಂತೆ ನಗು ಬರುವುದಿಲ್ಲ.

ಊರೂರ ನೀರು ನೋಡುತ್ತಿದ್ದೆನೇ ಹೊರತು ನಮ್ಮ ಮನೆಯ ಬಾವಿಯ ಕಡೆ ನನ್ನ ಬುದ್ಧಿ ಹೋಗಿರಲಿಲ್ಲ. ಕಸುವಿನ ನೀರಿಗೆ ಯಾರು ಪರೀಕ್ಷೆ ಮಾಡುತ್ತಾರೆ? ನೀವು ನಾರಾಯಣಖೇಡಕ್ಕೆ ಹೋದ ಮೇಲೆ, ರಜೆ ಹಾಕುವ ಮುಂಚಿನ ವಾರ, ಕೆಲಸದ ಕೋಣೆಯಲ್ಲಿ ನಾನು ಮನೆಯಿಂದ ಒಯ್ದಿದ್ದ ಕುಡಿಯುವ ನೀರಿನ ಬಾಟಲಿಯನ್ನು ಮೇಜಿನ ಮೇಲಿಟ್ಟು ಊಟಕ್ಕೆ ಎದ್ದೆ. ನನ್ನ ಜೊತೆಯವರು ಬಾಲರಾಜ ಅಂತ, ಬಹಳ ಶ್ರದ್ಧೆಯ ಮನುಷ್ಯ, ಮೇಜಿನ ಮೇಲೆ ಏನಿದ್ದರೂ ಪರೀಕ್ಷೆಗೇ ಇಟ್ಟದ್ದು ಅನ್ನುವವರು. ನಾನು ತಿರುಗಿ ಬರುವಷ್ಟರಲ್ಲಿ ಅದಕ್ಕೂ ಔಷಧಿ ಹಾಕಿ ಗಾಜಿನ ಕೊಳವೆ ಬೆಳಕಿಗೆ ಹಿಡಿದಿದ್ದರು. “ಮೇಡಂ, ಇದು ಯಾವ್ ಹೊಲದ ಬಸಿ ನೀರ್ರಿ? ಇಷ್ಟ್ ಕೆಂಪು ನಾ ಇನ್ನಾ ನೋಡಿಲ್ಲ” ಎಂದರು. ಅತ್ತೆ, ಅರ್ಧ ಬಾಟಲಿ ನನ್ನ ಹೊಟ್ಟೆಯಲ್ಲಿತ್ತು. ಹೊಟ್ಟೆಯಲ್ಲಿ ಕೂಸೂ ಇತ್ತು. ನಾನು ಮೊದಲು ನಕ್ಕೆ. ಆಮೇಲೆ ರಾಜಿಯ ತುಟಿ ಕಣ್ಣ ಮುಂದೆ ಬಂತು.

ಮರುದಿನ ಬಾವಿಯಿಂದ ಬೇರೆ ನೀರು ಒಯ್ದು ಮತ್ತೆ ನೋಡಿದೆವು. ಅದೇ ಕೆಂಪು. ತಾಂಡೂರಿನ ಡಾಕ್ಟರ ಹತ್ತಿರ ಹೋಗಿ ರಾಜಿಯ ಕಥೆಯನ್ನೆಲ್ಲ ಮತ್ತೆ ಹೇಳಿದೆ. ಅವರು ರಾಜಿಯ ಹಳೆಯ ಕಾಗದ ತಿರುವಿ ನೋಡಿ, ಈ ನೀರಿನಿಂದಲೇ ಆಗಿರಬೇಕು ಎಂದರು. ಆ ವರ್ಷದ ನೀರನ್ನು ಯಾರೂ ಹಿಡಿದಿಟ್ಟಿಲ್ಲ, ಆದ್ದರಿಂದ ಆಣೆ ಮಾಡಿ ಹೇಳಲಾರೆ. ಆದರೆ ನನ್ನ ಮನಸ್ಸಿನಲ್ಲಿ ಸಂಶಯ ಉಳಿದಿಲ್ಲ. ಆ ನೀರಿನಲ್ಲಿ ಕರಗಿದ್ದು ನಮ್ಮದೇ ಹೊಲದ ಯೂರಿಯಾ. ದೊಡ್ಡವರ ದೇಹ ತಡೆದುಕೊಳ್ಳುತ್ತದೆ. ಇನ್ನೂ ಆರು ತಿಂಗಳು ತುಂಬದ ಕೂಸಿಗೆ ಮಾತ್ರ ಅದು ರಕ್ತಕ್ಕೆ ಸೇರಿ, ಉಸಿರನ್ನು ಮೈಗೆಲ್ಲ ಮುಟ್ಟಿಸುವ ಕೆಲಸವನ್ನು ತಡೆದುಬಿಡುತ್ತದೆ. ಆಗ ಮೈ ನೀಲಿಗಟ್ಟುತ್ತದೆ. ಹೊಳೆಯ ಗಾಳಿಯೂ ಅಲ್ಲ, ಯಾರ ದೃಷ್ಟಿಯೂ ಅಲ್ಲ.

ಕಾಯಿಸಿದರೂ ಹೋಗಲಿಲ್ಲವೇ ಎಂದು ನೀವು ಕೇಳುತ್ತೀರಿ. ಇದನ್ನು ಬರೆಯುವ ಮುಂಚೆ ಎದ್ದು ಹೋಗಿ ಕೂಸಿಗೆ ಹಾಲು ಕೊಟ್ಟು ಬಂದೆ. ಕಾಯಿಸಿದರೆ ರೋಗದ ಹುಳು ಸಾಯುತ್ತವೆ. ಯೂರಿಯಾದಿಂದ ಬಂದ ಈ ಉಪ್ಪು ಸಾಯುವುದಿಲ್ಲ, ಹಾರುವುದೂ ಇಲ್ಲ. ಹಾರುವುದು ನೀರು ಮಾತ್ರ. ಸಾರು ಕುದಿಕುದಿದು ಇಂಗಿದರೆ ಉಪ್ಪಾಗುತ್ತದೆ, ಅದಕ್ಕೇ ಉಪ್ಪು ಕಡೆಗೆ ಹಾಕು ಎಂದು ನನಗೆ ಕಲಿಸಿದವರೇ ನೀವು. ಅರ್ಧಕ್ಕೆ ಇಳಿಸಿದ ನೀರಿನಲ್ಲಿ ಅದು ಎರಡರಷ್ಟಾಗಿತ್ತು.

ಅತ್ತೆ, ಪತ್ರವನ್ನು ಇಲ್ಲಿಗೆ ಮಡಿಚಿ ಇಡಬೇಡಿ. ನಿಮ್ಮನ್ನು ನಾನು ಬಲ್ಲೆ. ಈಗ ನಿಮ್ಮ ಮನಸ್ಸು ‘ಹಂಗಂದ್ರ ಖರೇನೇ ನನ್ ಕೈಲೇ ಆತು’ ಎನ್ನುತ್ತಿದೆ. ಇದಕ್ಕೇ ನಾನು ಇಷ್ಟು ದಿನ ಹಿಂದೆ ಮುಂದೆ ನೋಡಿದ್ದು. ಹೇಳದಿದ್ದರೆ ಕೈಗುಣದ ಸುಳ್ಳನ್ನು ಹೊತ್ತುಕೊಂಡು ದೂರ ಇರುತ್ತೀರಿ. ಹೇಳಿದರೆ ತಪ್ಪಲೆಯ ನಿಜವನ್ನು ಹೊತ್ತುಕೊಂಡು ಇನ್ನೂ ದೂರ ಹೋಗುತ್ತೀರಿ. ಮಾತಾಡದೆ ಇರುವುದೇ ಸುಲಭವಾಗಿತ್ತು. ಆದರೆ ಕೂಸನ್ನು ಸಕ್ಕುಬಾಯಿ ಎರೆಯುವ ಸಪ್ಪಳ ಕೇಳಿದಾಗಲೆಲ್ಲ ಆ ಸುಲಭ ನನಗೆ ದಕ್ಕಲಿಲ್ಲ.

ಇದನ್ನೂ ಕೇಳಿ. ಇದೇ ಬಾವಿ, ಇದೇ ತಪ್ಪಲೆ, ಇದೇ ಓಂಕಾಳು. ನಿಮ್ಮ ಮಗನನ್ನು, ದೇವಿಕಾಳನ್ನು ಇದೇ ನೀರು ಅರ್ಧಕ್ಕೆ ಇಳಿಸಿ ಕುಡಿಸಿ ಸಾಕಿದಿರಿ. ಅವರಿಗೇನಾಯಿತು? ಏನೂ ಇಲ್ಲ, ಕಲ್ಲಿನಂತಿದ್ದಾರೆ. ಆಗ ಮೇಲಿನ ಹೊಲದಲ್ಲಿ ತೊಗರಿ, ಜೋಳ, ಅಷ್ಟೇ. ಗೊಬ್ಬರವೆಂದರೆ ತಿಪ್ಪೆಯದು. ಬೋರು ಬಂದು, ಮೆಕ್ಕೆಜೋಳ ಬಂದು, ಚೀಲಗಟ್ಟಲೆ ಯೂರಿಯಾ ಬಿದ್ದ ಮೇಲೆ ಬಾವಿ ಒಳಗೊಳಗೇ ಬೇರೆಯಾಯಿತು. ಬಣ್ಣ ಬದಲಾಗಲಿಲ್ಲ, ರುಚಿ ಬದಲಾಗಲಿಲ್ಲ, ವಾಸನೆ ಇಲ್ಲ. ನಿಮಗೆ ತಿಳಿಸಲು ಅದು ಒಂದು ಗುರುತನ್ನೂ ಇಟ್ಟುಕೊಳ್ಳಲಿಲ್ಲ. ಎಮ್ಮೆಸ್ಸಿ ಓದಿದ ಸೊಸೆ ಅದನ್ನೇ ದಿನವೂ ಬಾಟಲಿಗೆ ತುಂಬಿಕೊಂಡು ಹೋಗಿ ಕುಡಿದಳು. ಇನ್ನು ನೀವು ಹೇಗೆ ತಿಳಿಯುತ್ತೀರಿ?

ಕಸುವು ಎಂದಿರಿ. ಆ ಮಾತು ಸುಳ್ಳಾಗಿರಲಿಲ್ಲ. ಕಸುವು ಅದರಲ್ಲಿ ಖಂಡಿತ ಇತ್ತು. ಹೊಲದ್ದು ಇಳಿದು ಬಂದು ಬಾವಿಯಲ್ಲಿ ಕುಳಿತಿತ್ತು. ಕೊತ್ತಂಬರಿಯ ಪಾಲಿನ ಕಸುವು ಅದು, ಕೂಸಿನ ಪಾಲಿನದಲ್ಲ. ಇಷ್ಟೇ ನಡೆದದ್ದು, ಅತ್ತೆ. ಮೊಮ್ಮಗಳಿಗೆ ಮನೆಯಲ್ಲಿದ್ದುದರಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ಆರಿಸಿ ಕೊಟ್ಟಿರಿ. ಅದರಲ್ಲಿ ಕೆಟ್ಟದ್ದು ಕೂಡಿಕೊಂಡಿತ್ತು, ಕೂಡಿಸಿದವರು ನೀವಲ್ಲ. ನಿಮ್ಮ ಮೇಲೆ ನನಗೆ ಒಂದು ಸಾಸಿವೆಯಷ್ಟೂ ಸಿಟ್ಟಿಲ್ಲ. ಅವತ್ತು ಆಸ್ಪತ್ರೆಯ ತನಕ ಅವಳನ್ನು ಎದೆಗೆ ಒತ್ತಿಕೊಂಡು ಹೋದ ಕೈ ಯಾವುದು? ದಾರಿಯುದ್ದಕ್ಕೂ ಅವಳ ಬೆನ್ನು ತಿಕ್ಕುತ್ತ, ಊದುತ್ತ, ಉಸಿರು ನಿಲ್ಲದಂತೆ ಕಾದ ಕೈ ಯಾವುದು? ಅಮೃತಬಾಯಿ ಅತ್ತೆಯವರು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ನೀವೂ ಹಿಡಿಯಲಿಲ್ಲ.

ಹೆರಿಗೆಗೆ ಮೊದಲೇ ನಿಮ್ಮ ಮಗನಿಗೆ ಹೇಳಿದೆ. ಮೊದಲು ಹಾರಾಡಿದರು. “ನಮ್ ಮುತ್ಯಾನ ಬಾವಿಗಿ ಹೆಸರಿಡ್ತಿ ಏನ್?” ಎಂದರು. “ಹೊಟ್ಟ್ಯಾಗಿನ ಕೂಸಿಗೇ ಇನ್ನಾ ಹೆಸರಿಟ್ಟಿಲ್ಲ, ಬಾವಿಗಿ ಯಾಕ ಇಡ್ಲಿ?” ಎಂದೆ. ಅವತ್ತು ಉಣ್ಣದೆ ಹೊಲಕ್ಕೆ ಹೋದರು. ಸಂಜೆ ಬಂದು ನಳದ ಕೆಳಗೆ ಕೊಡ ಇಟ್ಟರು. ಈಗ ಕುಡಿಯುವುದಕ್ಕೆ ಮನೆಗೆಲ್ಲ ನಳದ ನೀರೇ, ಬಾಲರಾಜ ಅದನ್ನೂ ನೋಡಿ ಕೊಟ್ಟಿದ್ದಾರೆ, ಗುಲಾಬಿ ಅಂಟಿದಂತೆ ಸ್ವಲ್ಪ, ಅಷ್ಟೇ. ಅಮೃತಬಾಯಿ ಅತ್ತೆಯವರ ಕೊಡವನ್ನೂ ಬಾವಿಯಿಂದ ತಿರುಗಿಸಿದ್ದೇವೆ. ಹೊಲಕ್ಕೂ ಒಂದು ಉಪಾಯ ಮಾಡಿದ್ದಾರೆ. ಮೆಕ್ಕೆಜೋಳಕ್ಕೆ ಬಾವಿಯ ನೀರನ್ನೇ ಹಾಯಿಸಿ, ಕಡೆಯ ಸಲದ ಯೂರಿಯಾ ಬಿಟ್ಟರು. ಡಿಎಪಿ ಮಣ್ಣಿನಲ್ಲೇ ಬೇಕಾದಷ್ಟು ಕೂತಿದೆ ಎಂದು ನಾನು ಹೇಳಿದ್ದರಿಂದ ಅದರ ಚೀಲವನ್ನೂ ಈ ಸಲ ತರಲಿಲ್ಲ. ಬೆಳೆ ಕರ್ರಗೆ ನಿಂತಿದೆ. ಹೋದ ಕಸುವು ಹೊಲಕ್ಕೆ ತಿರುಗಿ ಬರುತ್ತಿದೆ ಎಂದು ಈಗ ಚಾವಡಿಯಲ್ಲಿ ತಾವೇ ಕಂಡುಹಿಡಿದ ಹಾಗೆ ಹೇಳುತ್ತಾರೆ. ಹೇಳಲಿ ಬಿಡಿ. ನೀವು ಬಾವಿಯ ಮೇಲೆ ಮುನಿಸಿಕೊಳ್ಳಬೇಡಿ. ಬಾಯಿಗೆ ಮಾತ್ರ ಅದು ಬೇಡ. ಮೈಗೆ ಹಾಕಿದರೆ ಯಾವ ಬಾಧೆಯೂ ಇಲ್ಲ, ಕೂಸಿಗೆ ಎರೆಯಲು ಧಾರಾಳವಾಗಿ ಆಗುತ್ತದೆ.

ಎರೆಯುವವರು ಬೇಕು, ಅಷ್ಟೇ.

ಮಾವನವರು ನಾಳೆ ಜಹೀರಾಬಾದಿನ ಕೆಲಸ ಮುಗಿಸಿ ನಾರಾಯಣಖೇಡಕ್ಕೆ ಬಂದು ಇದನ್ನು ಕೊಡುತ್ತಾರೆ. ಅವರ ಜೊತೆಗೇ ಹೊರಟು ಬನ್ನಿ. ಬರಲು ಆಗದಿದ್ದರೆ ಪರವಾಗಿಲ್ಲ ಎಂದು ಬರೆಯುವುದು ಸೊಸೆಯಾದವಳಿಗೆ ಮರ್ಯಾದೆ. ನಾನು ಬರೆಯುವುದಿಲ್ಲ. ಅವ್ವ ಇಲ್ಲದವಳು ನಾನು, ನೀವೂ ಇಲ್ಲವೆಂದರೆ ನನಗೆ ನಿಜವಾಗಿ ತಡೆಯುವುದಿಲ್ಲ. ನೀವು ಬಂದು ಏನೂ ಹೇಳಬೇಕಾಗಿಲ್ಲ, ನಾನೂ ಕೇಳುವುದಿಲ್ಲ. ಈ ಕಾಗದವನ್ನು ಒಲೆಗೆ ಹಾಕಿ ಬನ್ನಿ.

ಬರದೇ ಹೋದರೆ ನಾನು ಏನು ಮಾಡುತ್ತೇನೆ ಗೊತ್ತೇ? ಬಾಣಂತಿ ಎಂದು ನೋಡದೆ ಕಿವಿಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಎತ್ತಿಕೊಂಡು, ಎರಡು ಬಸ್ಸು ಬದಲಿಸಿ ನಾನೇ ಬರುತ್ತೇನೆ. ಕಾಂತಾಬಾಯಿ ಚಿಕ್ಕತ್ತೆಯ ಬಚ್ಚಲಿನಲ್ಲಿ ಮಣೆ ಹಾಕಿ ನಿಮ್ಮನ್ನು ಕೂರಿಸಿ, ಕಾಲು ಚಾಚಿಸಿ, ಮೊಮ್ಮಗಳ ಮೈಗೆಲ್ಲ ಎಣ್ಣೆ ಹಚ್ಚಿ ನಿಮ್ಮ ಕಾಲುಗಳ ಮೇಲೆ ಮಲಗಿಸಿ, ನಾನು ಎದ್ದು ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಮುಟ್ಟುವುದಿಲ್ಲ ಎಂದು ಆಗ ಹೇಳಿ ನೋಡೋಣ. ಎಣ್ಣೆ ಹಚ್ಚಿದ ಕೂಸು ಜಾರುತ್ತದೆ, ಅತ್ತೆ. ನೀವು ಹಿಡಿಯಲೇಬೇಕಾಗುತ್ತದೆ.

ಕಾಲಿಗೆ ಶರಣು ಎಂದು ಬರೆಯುವುದು ಪದ್ಧತಿ. ನಾನು ನಿಮ್ಮ ಎರಡೂ ಕೈಗಳಿಗೆ ಶರಣು ಬರೆಯುತ್ತೇನೆ. ಶಿವ ಅವನ್ನು ಬಹುಕಾಲ ಬೆಚ್ಚಗಿಟ್ಟಿರಲಿ.

ಇನ್ನೂ ಹೆಸರಿಲ್ಲದ ನಿಮ್ಮ ಮೊಮ್ಮಗಳ ಪರವಾಗಿಯೂ,
ನಿಮ್ಮ ನಂದಾ